ನ್ಯಾನೊ ಮುಲಾಮು ಎಲ್ಲಿಯವರೆಗೆ ಹೋಗಬೇಕು?

ಮುಂಬಯಿಯ ಮಾಟುಂಗಾದ ನನ್ನ ಕ್ಲಿನಿಕ್ಕಿನಲ್ಲಿ ಮಳೆಗಾಲ ಹಿಡಿಯಿತೆಂದರೆ ತೊಡೆಸಂದಿಯ ಹುಳುಕಡ್ಡಿಯವರದೇ ಸಾಲು. ಉಡುಪಿ ಕಡೆಯಿಂದ ಬಂದು ಇಲ್ಲಿನ ಹೋಟೆಲಿನಲ್ಲಿ ಅಡುಗೆಗಿರುವ ಒಬ್ಬರು ಈಚೆಗೆ ಒಂದು ಜೆಲ್ಲಿನ ಟ್ಯೂಬನ್ನು ಮೇಜಿನ ಮೇಲಿಟ್ಟು, “ಡಾಕ್ಟ್ರೇ, ಇದು ನ್ಯಾನೊ. ಚರ್ಮ ತೂರಿ ರಕ್ತಕ್ಕೆ ಹೋಗಿ ಬೇರನ್ನೇ ಕೀಳ್ತದಂತೆ, ಆದ್ರೂ ಕಮ್ಮಿ ಆಗ್ಲಿಲ್ಲ” ಎಂದರು. ದಿನಕ್ಕೆ ನಾಲ್ಕು ಬಾರಿ ಹಚ್ಚಿ, ಔಷಧ ಒಳಗಿಳಿಯಲೆಂದು ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಒಲೆಯ ಮುಂದೆ ನಿಲ್ಲುತ್ತಿದ್ದರು. ಚರ್ಮ ಬೆವರಿನಲ್ಲಿ ನೆನೆದು ಬಿಳಿಚಿಕೊಂಡಿತ್ತು. ಕೆಂಪು ಅಂಚು ಮಾತ್ರ ನಿರಾತಂಕವಾಗಿ ಹಬ್ಬುತ್ತಿತ್ತು.

ವಾರಕ್ಕೆ ಹತ್ತು ಬಾರಿಯಾದರೂ ನಾನು ಹೇಳುವ ಮಾತು ಇದು: ಹುಳುಕಡ್ಡಿಯ ಶಿಲೀಂಧ್ರ ಬದುಕುವುದು ರಕ್ತದಲ್ಲಲ್ಲ, ಚರ್ಮದ ಅತಿ ಮೇಲಿನ ಸತ್ತ ಪದರದಲ್ಲಿ. ದೇಹದ ಬಹುಭಾಗದಲ್ಲಿ ಹತ್ತಿಪ್ಪತ್ತು ಮೈಕ್ರಾನಿನಷ್ಟೇ (ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪವಿರುವ ಈ ಪದರದಲ್ಲಿ ಒಣಗಿದ ಜೀವಕೋಶಗಳು ಇಟ್ಟಿಗೆಗಳಂತೆಯೂ, ಸೆರಮೈಡ್, ಕೊಲೆಸ್ಟ್ರಾಲ್ ಮತ್ತು ಕೊಬ್ಬಿನಾಮ್ಲಗಳೆಂಬ ಚರ್ಮದ ಕೊಬ್ಬುಗಳು ಅವುಗಳ ನಡುವಿನ ಗಾರೆಯಂತೆಯೂ ಕೂತಿರುತ್ತವೆ. ಸುಮಾರು 500 ಡಾಲ್ಟನ್ನಿಗಿಂತ (ಡಾಲ್ಟನ್ ಎಂದರೆ ಅಣುವಿನ ತೂಕದ ಅಳತೆ) ಭಾರವಾದ ಅಣುವೇ ಈ ಗಾರೆಯನ್ನು ದಾಟಲು ತಿಣುಕುವಾಗ, ಇಂಥ ‘ನ್ಯಾನೊ’ ಜೆಲ್ಲುಗಳಲ್ಲಿ ಔಷಧ ಹೊರುವ, 100 ನ್ಯಾನೊಮೀಟರಿನ ಲೈಪೊಸೋಮ್ ಎಂಬ ಕೊಬ್ಬಿನ ಗುಳ್ಳೆ ಇಡಿಯಾಗಿ ನುಗ್ಗಿ ರಕ್ತನಾಳ ಸೇರುತ್ತದೆಂಬುದು ಔಷಧದಂಗಡಿಯ ಕಲ್ಪನೆ. ಬಹುಮಟ್ಟಿಗೆ ನಡೆಯುವುದಿಷ್ಟೇ: ಕೊಬ್ಬಿನಿಂದಲೇ ಆದ ಆ ಕಣ ಚರ್ಮದ ಕೊಬ್ಬಿನೊಡನೆ ಬೆರೆತು, ಹೊತ್ತು ತಂದ ಔಷಧವನ್ನು ಅಲ್ಲಿಗೆ ಒಪ್ಪಿಸುತ್ತದೆ. ಕೆಲವು ಕಣಗಳು ರೋಮಕೂಪಗಳಲ್ಲಿ ಇಳಿದು ಕುಳಿತು ಔಷಧವನ್ನು ನಿಧಾನವಾಗಿ ಬಿಡುತ್ತವೆ. ಬಳುಕುವ ಗೋಡೆಯ ಇಂಥ ಕೆಲವು ಗುಳ್ಳೆಗಳು ಇನ್ನೂ ಆಳಕ್ಕೆ ನುಸುಳುತ್ತವೆಂಬ ವಾದವಿದೆ. ಅವು ಇಡಿಯಾಗಿ ದಾಟುತ್ತವೆಯೇ ಎಂಬುದರಲ್ಲಿ ಸಂಶೋಧಕರಲ್ಲೇ ಒಮ್ಮತವಿಲ್ಲವಾದ್ದರಿಂದ ನಾನು ಆ ಭರವಸೆಯನ್ನು ಯಾರಿಗೂ ಕೊಡುವುದಿಲ್ಲ.

ಹುಳುಕಡ್ಡಿಯ ಮಟ್ಟಿಗಂತೂ ಔಷಧ ಆ ಮೇಲಿನ ಪದರದಲ್ಲೇ ತಂಗಬೇಕು. ಆಳಕ್ಕಿಳಿದು ರಕ್ತ ಸೇರಿದಷ್ಟೂ ನಷ್ಟ. 1988ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಾರಾಟಕ್ಕೆ ಬಂದ, ಲೈಪೊಸೋಮ್ ಬಳಸಿದ ಮೊದಮೊದಲ ಚರ್ಮದ ಔಷಧವೂ ಶಿಲೀಂಧ್ರಕ್ಕೆ ಹಚ್ಚುವ ಇಕೊನಜೋಲ್ ಜೆಲ್ಲೇ ಆಗಿತ್ತು. ಇನ್ನು ಪ್ಲಾಸ್ಟಿಕ್ ಸುತ್ತಿದರೆ ಚರ್ಮ ನೆನೆದು ಔಷಧ ಹೆಚ್ಚು ಇಳಿಯುವುದು ನಿಜ, ಆದರೆ ಆ ತೇವದಲ್ಲಿ ಶಿಲೀಂಧ್ರವೂ ಕೊಬ್ಬುತ್ತದೆ. ಟ್ಯೂಬಿನಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ಚರ್ಮ ತೆಳುವಾಗಿ ಗೆರೆ ಬೀಳುವ ಅಪಾಯ ಬೇರೆ.

ಮೊಡವೆಯವರದು ಇದರ ತಿರುವುಮುರುವು. ಸೂಕ್ಷ್ಮಗೋಳಗಳಲ್ಲಿ ತುಂಬಿದ ರೆಟಿನಾಯ್ಡ್ (ಎ ಜೀವಸತ್ವದ ಬಳಗದ ಮೊಡವೆ ಔಷಧ) ನಿಧಾನವಾಗಿ ಹೊರಬರುವುದರಿಂದ ಉರಿ ಕಡಿಮೆ. ಉರಿಯದ ಔಷಧ ಔಷಧವೇ ಅಲ್ಲವೆಂದು ಡೊಂಬಿವಲಿಯ ಹುಡುಗಿಯೊಬ್ಬಳು ಅದನ್ನು ದಿನಕ್ಕೆ ಮೂರು ಸಲ ಬಳಿದು ಮುಖದ ಸಿಪ್ಪೆ ಏಳಿಸಿಕೊಂಡು ಬಂದಿದ್ದಳು.

ಅಡುಗೆಯವರು ಎಲ್ಲವನ್ನೂ ಕೇಳಿಸಿಕೊಂಡು, “ಹಾಗಾದ್ರೆ ಬಾಳೆಲೆ ಹೊಟ್ಟೆಗೆ ಹೋಗುದಿಲ್ಲ, ಊಟ ಮಾತ್ರ ಹೋಗ್ತದೆ ಅಂದ ಹಾಗೆ” ಎಂದರು. ಇಷ್ಟು ವರ್ಷಗಳಲ್ಲಿ ನನಗೇ ಹೊಳೆಯದ ಹೋಲಿಕೆ! ಪ್ಲಾಸ್ಟಿಕ್ ತೆಗೆಯಿರಿ, ತಿಳಿಸಿದಷ್ಟೇ ಸಲ ತೆಳ್ಳಗೆ ಹಚ್ಚಿ, ಕಲೆ ಮಾಸಿತೆಂದು ನಡುವೆ ನಿಲ್ಲಿಸಬೇಡಿ, ಕೋಣೆಯವರ ಟವೆಲು ಮುಟ್ಟಬೇಡಿ ಎಂದು ಬರೆದುಕೊಟ್ಟೆ. ಬಾಗಿಲವರೆಗೆ ಹೋದವರು ತಿರುಗಿ ನಿಂತು ಕೇಳಿದರು: “ಉಳಿದ ಜೆಲ್ಲು ಮೊಣಕಾಲು ನೋವಿಗೆ ಹಚ್ಬಹುದಾ ಡಾಕ್ಟ್ರೇ? ನ್ಯಾನೊ ಅಲ್ವಾ?”