ಯಾವೂರ ದೇಸಾಯರ್ರೀ? ಹುದ್ದೆಯೊಂದು ಅಡ್ಡಹೆಸರಾದ ಕತೆ

ಬೈಲಹೊಂಗಲ ಕಡೆಯ ನನ್ನ ಗೆಳೆಯನೊಬ್ಬನ ಅಡ್ಡಹೆಸರು ದೇಸಾಯಿ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಮಾಲೀಕರು ಹೆಸರು ಕೇಳಿ, "ಗುಜರಾತಿನವರಾ? ಕನ್ನಡ ಚೆನ್ನಾಗಿ ಮಾತಾಡ್ತೀರಲ್ಲ!" ಅಂದರಂತೆ. ಅದೇ ಗೆಳೆಯ ಮುದ್ದೇಬಿಹಾಳದ ಮದುವೆಯೊಂದರಲ್ಲಿ ಊಟಕ್ಕೆ ಕುಳಿತಾಗ ಪಕ್ಕದ ಅಜ್ಜ ಕೇಳಿದ್ದೇ ಬೇರೆ: "ಯಾವೂರ ದೇಸಾಯರ್ರೀ ನೀವು?"

ಬೆಂಗಳೂರಿನ ಪ್ರಶ್ನೆಗೆ ನಾವು ನಕ್ಕೆವು. ಅಜ್ಜನ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಬಡಿಗೇರ ಅಂದವರನ್ನು ಯಾರೂ ಹಾಗೆ ಕೇಳುವುದಿಲ್ಲ. ಬಡಿಗೇರರು ಊರಿಗೊಂದು ಮನೆಯಾದರೂ ಇರುತ್ತಾರೆ. ದೇಸಾಯಿ ಹಾಗಲ್ಲ. ಅದು ಹತ್ತಾರು ಹಳ್ಳಿಗಳಿಗೆ ಒಂದೇ ಆಗಿದ್ದ ಹುದ್ದೆ. ಅಜ್ಜ ಕೇಳಿದ್ದು, "ಯಾವ ತಾಲೂಕಿನ ತಹಶೀಲ್ದಾರರು ನೀವು?" ಅಂತ ಕೇಳಿದ ಹಾಗೆ. ಆ ಹುದ್ದೆ ಹೋಗಿ ನೂರೈವತ್ತು ವರ್ಷದ ಮೇಲಾಯಿತು. ಪ್ರಶ್ನೆ ಇನ್ನೂ ಇದೆ.

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಅಡ್ಡಹೆಸರುಗಳಲ್ಲಿ ಕೆಲಸದ ವಾಸನೆ ಜಾಸ್ತಿ. ಕಮ್ಮಾರ, ಕುಂಬಾರ, ಪತ್ತಾರ, ಗಾಣಿಗೇರ ಇವೆಲ್ಲ ಕೈಕಸುಬಿನವು. ಅರಳೆ ಹಿಂಜುತ್ತಿದ್ದವರು ನದಾಫ, ಅತ್ತರು ಮಾರುತ್ತಿದ್ದವರು ಅತ್ತಾರ. ಇನ್ನೊಂದು ಗುಂಪು ಸರಕಾರಿ ಕೆಲಸದ್ದು: ಪಾಟೀಲ, ಕುಲಕರ್ಣಿ, ತಳವಾರ, ವಾಲೀಕಾರ, ದೇಶಪಾಂಡೆ, ದೇಸಾಯಿ. ಇವುಗಳ ಹಿಂದೆ ಜಾತಿ ಹುಡುಕಲು ಹೊರಟರೆ ದಾರಿ ತಪ್ಪುತ್ತೇವೆ. ದೇಸಾಯಿಗಳಲ್ಲಿ ಲಿಂಗಾಯತರಿದ್ದಾರೆ, ಬ್ರಾಹ್ಮಣರಿದ್ದಾರೆ, ಜೈನರಿದ್ದಾರೆ, ಮರಾಠರಿದ್ದಾರೆ. ಗುಜರಾತಿಗೆ ಹೋದರೆ ಅನಾವಿಲ ಬ್ರಾಹ್ಮಣರು, ನವಸಾರಿಯ ಪಾರಸಿಗಳು, ದನಕುರಿ ಸಾಕುವ ರಬಾರಿಗಳು ಕೂಡ ದೇಸಾಯಿಗಳೇ. ಇವರನ್ನೆಲ್ಲ ಒಂದೇ ಮನೆತನಕ್ಕೆ ಕಟ್ಟುವುದು, ಊರಿನ ಪೋಸ್ಟ್‌ಮಾಸ್ಟರುಗಳೆಲ್ಲ ಅಣ್ಣತಮ್ಮಂದಿರು ಅಂದ ಹಾಗೆ.

ಪದದ ಹುಟ್ಟಿನ ಬಗ್ಗೆ ಹೆಚ್ಚಿನವರು ಒಪ್ಪುವ ವಿವರಣೆ ಹೀಗಿದೆ. ದೇಶ ಮತ್ತು ಸ್ವಾಮಿ ಸೇರಿ ದೇಶಸ್ವಾಮಿ. ಜನರ ಬಾಯಲ್ಲಿ ಅದು ಸವೆದು ದೇಸಾಯಿ. ಗೋಸ್ವಾಮಿ ಸವೆದು ಗೋಸಾಯಿ ಆಗಿದ್ದನ್ನು ನೆನೆದರೆ ದಾರಿ ಕಾಣುತ್ತದೆ. ಇಲ್ಲಿ ದೇಶ ಅಂದರೆ ಇಂದಿನ ಅರ್ಥದ ದೇಶವಲ್ಲ, ನಾಡು. ಕಂದಾಯದ ಲೆಕ್ಕಕ್ಕೆ ಒಟ್ಟುಗೂಡಿಸಿದ ಹಳ್ಳಿಗಳ ಗುಂಪು. ಬಹಮನಿ, ಆದಿಲಶಾಹಿ ಕಾಲದ ಕಾಗದಗಳಲ್ಲಿ ಅದಕ್ಕೆ ಪರಗಣ ಅಂತ ಹೆಸರು.

ಹಳ್ಳಿಯಲ್ಲಿ ಇಬ್ಬರು ಮುಖ್ಯ. ಗೌಡ, ಅಂದರೆ ಪಾಟೀಲ, ಕಂದಾಯ ವಸೂಲಿ ಮಾಡಿಸುವವನು, ಊರಿನ ಜಗಳ ಬಗೆಹರಿಸುವವನು. ಕುಲಕರ್ಣಿ ಲೆಕ್ಕ ಬರೆಯುವವನು. ಹಳೇ ಮೈಸೂರಿನವರ ಶಾನುಭೋಗ. ಇದೇ ಜೋಡಿಯನ್ನು ಪರಗಣದ ಮಟ್ಟಕ್ಕೆ ಏರಿಸಿ. ಗೌಡರ ಮೇಲಿನ ಗೌಡ ದೇಸಾಯಿ. ಕುಲಕರ್ಣಿಗಳ ಮೇಲಿನ ಕುಲಕರ್ಣಿ ದೇಶಪಾಂಡೆ. ಕನ್ನಡದಲ್ಲಿ ಇದಕ್ಕೆ ಇನ್ನೂ ಚೆಂದದ ಪದಗಳಿವೆ: ನಾಡಗೌಡ ಮತ್ತು ನಾಡಿಗ. ಮರಾಠಿ ಸೀಮೆಯಲ್ಲಿ ದೇಸಾಯಿಗೆ ದೇಶಮುಖ ಅನ್ನುತ್ತಾರೆ. ಹಲವು ದೇಸಾಯಿಗಳ ಮೇಲೆ ಒಬ್ಬನಿದ್ದರೆ ಅವನು ಸರದೇಸಾಯಿ.

ಇಲ್ಲೊಂದು ತಮಾಷೆ ಹೇಳಲೇಬೇಕು. ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ಕ್ಷೇತ್ರದಲ್ಲಿ ದಶಕಗಳ ಕಾಲ ಪೈಪೋಟಿ ನಡೆದದ್ದು ನಾಲತವಾಡದ ದೇಶಮುಖರಿಗೂ ನಾಡಗೌಡರಿಗೂ. ಜಗದೇವರಾವ್ ದೇಶಮುಖ ಒಂದು ಕಡೆ, ಸಿ. ಎಸ್. ನಾಡಗೌಡ ಇನ್ನೊಂದು ಕಡೆ. ಪಕ್ಷ ಬೇರೆ, ಮನೆ ಬೇರೆ. ಅಡ್ಡಹೆಸರಿನ ಅರ್ಥ ಮಾತ್ರ ಎರಡೂ ಕಡೆ ಒಂದೇ, ಒಂದು ಮರಾಠಿಯಲ್ಲಿ, ಒಂದು ಕನ್ನಡದಲ್ಲಿ.

ದೇಸಾಯಿಗೆ ತಿಂಗಳ ಸಂಬಳ ಇರಲಿಲ್ಲ. ಬದಲಿಗೆ ವತನ ಇತ್ತು. ವತನ ಅನ್ನುವುದು ಅರಬ್ಬಿ ಪದ, ಹುಟ್ಟಿದ ನೆಲ ಅಂತ ಅದರ ಅರ್ಥ. ನಮ್ಮ ಕಡೆ ಬಂದು ಅದು ವಂಶದಿಂದ ವಂಶಕ್ಕೆ ಬರುವ ಹುದ್ದೆ ಮತ್ತು ಅದರ ಜೊತೆಗಿನ ಜಮೀನು ಅನ್ನುವ ಅರ್ಥ ಪಡೆಯಿತು. ಇನಾಮು ಹೊಲ, ವಸೂಲಿಯಲ್ಲಿ ಒಂದು ಪಾಲು, ಹಬ್ಬ ಜಾತ್ರೆಯಲ್ಲಿ ಮೊದಲ ಮಾನ, ಎಲ್ಲವೂ ಅದರೊಳಗೆ ಬಂತು. ಇಡೀ ಆಡಳಿತಕ್ಕೆ ಜನ ಇಟ್ಟ ಹೆಸರು ದೇಸಗತಿ. ಅವರಿದ್ದ ಮನೆ ವಾಡೆ. ಮಕ್ಕಳು ಹೆಚ್ಚಿದಂತೆ ದೇಸಗತಿ ಹರಿದು ಹಂಚಿಹೋಗುತ್ತಿತ್ತು. ಪ್ರತಿ ಪಾಲಿಗೆ ತಕ್ಷೀಮು ಅನ್ನುತ್ತಿದ್ದರು. ವಾಡೆಯೊಳಗಿನ ಜಗಳಗಳ ಮೂಲ ಹುಡುಕಿದರೆ ಬಹಳ ಸಲ ಈ ತಕ್ಷೀಮೇ ಸಿಗುತ್ತದೆ.

ರಾಜರು ಬದಲಾದರೂ ದೇಸಾಯಿಗಳು ಬದಲಾಗಲಿಲ್ಲ. 1686ರಲ್ಲಿ ಔರಂಗಜೇಬ ವಿಜಯಪುರ ಗೆದ್ದ. ಆಮೇಲೆ ಮರಾಠರು, ಪೇಶ್ವೆಗಳು. 1818ರಲ್ಲಿ ಇಂಗ್ಲಿಷರು. ಯಾರು ಬಂದರೂ ಯಾವ ಹೊಲ ಯಾರದು, ಯಾವ ಹಳ್ಳಿ ಎಷ್ಟು ಕೊಡಬಲ್ಲದು ಅಂತ ಗೊತ್ತಿದ್ದವನು ಬೇಕೇ ಬೇಕು. ಹೊಸ ಅರಸು ಹೊಸ ಸನದು, ಅಂದರೆ ಹಕ್ಕುಪತ್ರ, ಕೊಡುತ್ತಿದ್ದ, ಹಳೆಯ ದೇಸಾಯಿ ಮುಂದುವರಿಯುತ್ತಿದ್ದ. ದೂರದ ದೊರೆ ಸೊರಗಿದಾಗ ಕೆಲವು ದೇಸಾಯಿಗಳು ಕೋಟೆ ಕಟ್ಟಿ, ಕುದುರೆ ಕಾಲಾಳು ಇಟ್ಟುಕೊಂಡು ತಾವೇ ಅರಸರಾದರು. ಹಾಗಾದರೆ ದೇಸಾಯಿ ಅಂದರೆ ದೊರೆ ಕೊಟ್ಟ ನೌಕರಿಯೋ, ಮನೆತನದ ಸ್ವಂತ ಆಸ್ತಿಯೋ? ಬಹಳ ಕಾಲ ಯಾರೂ ಇದನ್ನು ಗಟ್ಟಿಯಾಗಿ ಕೇಳಲಿಲ್ಲ.

ಕೇಳಿದ್ದು ಕಿತ್ತೂರಿನಲ್ಲಿ.

ಕಿತ್ತೂರಿನ ಸಂಸ್ಥಾನ ಶುರುವಾದದ್ದು 1585ರಲ್ಲಿ ಅಂತ ಹೇಳುವ ವಾಡಿಕೆ. ಆದಿಲಶಾಹಿ ಸೇನೆಯಲ್ಲಿದ್ದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು ಅದರ ಮೂಲ ಪುರುಷರು. ಚೆನ್ನಮ್ಮನನ್ನು ನಾವು ರಾಣಿ ಅನ್ನುತ್ತೇವೆ. ಅವಳ ಗಂಡನನ್ನು ಮಾತ್ರ ಇಂದಿಗೂ ಮಲ್ಲಸರ್ಜ ದೇಸಾಯಿ ಅಂತಲೇ ಕರೆಯುತ್ತೇವೆ. ಹುದ್ದೆ ಯಾವಾಗ ಸಿಂಹಾಸನವಾಯಿತು ಅನ್ನುವ ಗೆರೆ ಅಷ್ಟು ತೆಳು. 1824ರ ಸೆಪ್ಟೆಂಬರಿನಲ್ಲಿ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ ತೀರಿಕೊಂಡ. ಅವನಿಗೆ ಮಕ್ಕಳಿರಲಿಲ್ಲ, ದತ್ತು ತೆಗೆದುಕೊಂಡಿದ್ದ. ಧಾರವಾಡದಲ್ಲಿದ್ದ ಕಲೆಕ್ಟರ್ ಥ್ಯಾಕರೆ ಆ ದತ್ತು ಒಪ್ಪಲಿಲ್ಲ. ಕಂಪನಿಯ ಮಾತು ಸರಳ: ನಮ್ಮ ಒಪ್ಪಿಗೆ ಇಲ್ಲದೆ ವಾರಸುದಾರ ಇಲ್ಲ. ಅಂದರೆ ಇದು ನಾವು ಕೊಡುವ, ನಾವೇ ಕಸಿಯುವ ಹುದ್ದೆ. ಕಿತ್ತೂರಿನ ಮಾತೂ ಅಷ್ಟೇ ಸರಳ: ಇದು ನಮ್ಮ ಮನೆ, ವಾರಸುದಾರ ಯಾರು ಅಂತ ಹೇಳಲು ನೀವು ಯಾರು? 1824ರ ಅಕ್ಟೋಬರ್ 23ರಂದು ಥ್ಯಾಕರೆ ಕೋಟೆಯ ಎದುರು ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು.

ಆಮೇಲೆ ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನೂ ಒಬ್ಬ ವತನದಾರ, ಏಣಿಯ ಕೆಳಗಿನ ಮೆಟ್ಟಿಲಿನವನು. ಅವನು ಶೇತಸನದಿ. ಊರು ಕಾಯುವ ಕೆಲಸಕ್ಕೆ ಹೊಲ ಪಡೆದವನು. ಸರಕಾರ ಆ ಹೊಲದ ಮೇಲೂ ಕೈ ಹಾಕಿತು. ಕಿತ್ತೂರಿನ ಕತೆಯನ್ನು ನಾವು ಕತ್ತಿ ಕುದುರೆಗಳ ಕತೆಯಾಗಿ ಹೇಳುತ್ತೇವೆ. ನನಗೆ ಅದು ವತನದ ಕಾಗದಗಳ ಕತೆಯಾಗಿಯೂ ಕಾಣುತ್ತದೆ.

ಮುಂದಿನ ಹೊಡೆತ ಕಾಗದದಲ್ಲೇ ಬಂತು. 1852ರ ಕಾನೂನಿನಿಂದ, ಇನಾಮು ಜಮೀನುಗಳ ಹಕ್ಕು ತಪಾಸಣೆ ಮಾಡುವ ಇನಾಮ್ ಕಮಿಷನ್‌ಗೆ ಬಲ ಸಿಕ್ಕಿತು. "ನಿಮ್ಮ ಜಮೀನಿಗೆ ಸನದು ಎಲ್ಲಿದೆ, ತೋರಿಸಿ" ಅಂತ ಅಧಿಕಾರಿಗಳು ಕೇಳತೊಡಗಿದರು. ತಲೆಮಾರುಗಳ ಹಿಂದಿನ ಫರ್ಮಾನು ಗೆದ್ದಲು ತಿಂದಿದ್ದರೆ ಏನು ಮಾಡುವುದು? 1858ರಲ್ಲಿ ಮುಂಡರಗಿ ಭೀಮರಾಯನ ಜೊತೆ ಬಂಡೆದ್ದು ಕೊಪ್ಪಳದ ಕೋಟೆ ಸೇರಿದವರಲ್ಲಿ ಹಮ್ಮಿಗೆಯ ದೇಸಾಯಿ ಕೆಂಚನಗೌಡನೂ ಇದ್ದ.

ಬಂಡಾಯ ಅಡಗಿದ ಮೇಲೆ ಸರಕಾರ ಬುದ್ಧಿ ಕಲಿಯಿತು. ಕಸಿಯುವ ಬದಲು ರಾಜಿಗೆ ಬಂತು. 1864ರ ಹೊತ್ತಿಗೆ ನಮ್ಮ ಸೀಮೆಯಲ್ಲಿ ಆದ ಏರ್ಪಾಡಿಗೆ ಗಾರ್ಡನ್ ಸೆಟಲ್‌ಮೆಂಟ್ ಅಂತ ಹೆಸರು. ಅದರ ಸಾರ ಇಷ್ಟು: ನೀವು ಇನ್ನು ಕಂದಾಯದ ಕೆಲಸ ಮಾಡಬೇಕಿಲ್ಲ, ಅದಕ್ಕೆ ನಮ್ಮ ಮಾಮಲೇದಾರರಿದ್ದಾರೆ, ವತನದ ಜಮೀನು ಇಟ್ಟುಕೊಳ್ಳಿ, ಕೆಲಸ ತಪ್ಪಿದ್ದಕ್ಕೆ ವರ್ಷ ವರ್ಷ ಇಷ್ಟು ಜೂಡಿ, ಅಂದರೆ ಗೊತ್ತುಮಾಡಿದ ಹಣ, ಕಟ್ಟಿ. ದೇಸಾಯಿ ಅನ್ನುವುದು ಕೆಲಸವಾಗಿ ಮುಗಿದದ್ದು ಅಲ್ಲಿಗೆ. ಹುದ್ದೆಯ ಹೆಸರು ಮಾತ್ರ ಮನೆಯ ಹೆಸರಾಗಿ ಕುಳಿತಿತು. 1874ರ ವತನ ಕಾಯ್ದೆ ವತನ ಅಂದರೆ ಜಮೀನು, ಹುದ್ದೆ ಮತ್ತು ಅವುಗಳ ಹಕ್ಕು ಮರ್ಯಾದೆ ಮೂರೂ ಸೇರಿದ್ದು ಅಂತ ಬರೆಯಿತು. ಆದರೆ ದೇಸಾಯಿಗಳ ಪಾಲಿಗೆ ಆಗಲೇ ಮೂರರಲ್ಲಿ ಒಂದು ಹೋಗಿಯಾಗಿತ್ತು.

ಕೆಲಸವಿಲ್ಲದ ಜಮೀನಿನಿಂದ ಏನು ಮಾಡಿದರು? ಎಲ್ಲರದೂ ಹೇಳಿಕೊಳ್ಳುವಂಥ ಕತೆಯಲ್ಲ. ಆದರೆ ಸವದತ್ತಿ ಸೀಮೆಯ ಶಿರಸಂಗಿಗೆ ಹೋದರೆ ಒಂದು ಬೇರೆ ಕತೆ ಸಿಗುತ್ತದೆ. ಲಿಂಗರಾಜ ದೇಸಾಯಿ ಹುಟ್ಟಿದ್ದು 1861ರಲ್ಲಿ, ಶಿಗ್ಲಿಯಲ್ಲಿ. ಹುಟ್ಟುಹೆಸರು ರಾಮಪ್ಪ. ಶಿರಸಂಗಿ ವಾಡೆಗೆ ದತ್ತು ಬಂದ ಹುಡುಗ. ಕಿತ್ತೂರನ್ನು ಮುಳುಗಿಸಿದ್ದು ದತ್ತಿನ ತಕರಾರು. ಶಿರಸಂಗಿಗೆ ಬಂದ ದತ್ತುಮಗನೂ ಕೋರ್ಟು ಕಚೇರಿ ಸುತ್ತಿಯೇ ದೇಸಗತಿ ಕೈಗೆ ತೆಗೆದುಕೊಂಡ. 1904ರಲ್ಲಿ ಧಾರವಾಡದಲ್ಲಿ ನಡೆದ ಮೊದಲ ವೀರಶೈವ ಮಹಾಸಭೆಗೆ ಇವರೇ ಅಧ್ಯಕ್ಷರು. 1906ರಲ್ಲಿ ತೀರಿಕೊಳ್ಳುವ ಮೊದಲು ಮುಂದಿನ ವಾರಸುದಾರನನ್ನು ಹುಡುಕುವ ಬದಲು ದೇಸಗತಿಯ ಆಸ್ತಿಯನ್ನು ಮಕ್ಕಳ ಓದಿಗೆ ಬರೆದಿಟ್ಟರು. ಅದೇ ನವಲಗುಂದ-ಶಿರಸಂಗಿ ಟ್ರಸ್ಟ್. 1916ರಲ್ಲಿ ಶುರುವಾದ ಕೆಎಲ್‌ಇ ಸಂಸ್ಥೆ 1933ರಲ್ಲಿ ಬೆಳಗಾವಿಯಲ್ಲಿ ಕಾಲೇಜು ತೆರೆದಾಗ ಅದಕ್ಕೆ ಲಿಂಗರಾಜ ಅಂತ ಹೆಸರಿಟ್ಟಿತು. ಬೆಳಗಾವಿಯ ಹುಡುಗರು ಇವತ್ತಿಗೂ ಸುಮ್ನೆ "ಲಿಂಗರಾಜ" ಅನ್ನುತ್ತಾರೆ, ದೇಸಾಯಿ ಅಂತ ಸೇರಿಸುವುದಿಲ್ಲ. ಅಂದಹಾಗೆ ಇದೇ ಶಿರಸಂಗಿಯ ಕಾಳಮ್ಮ ಬಡಿಗೇರ, ಕಮ್ಮಾರ, ಪತ್ತಾರರ ಮನೆದೇವರು. ಕಸುಬಿನ ಅಡ್ಡಹೆಸರು, ಹುದ್ದೆಯ ಅಡ್ಡಹೆಸರು ಎರಡಕ್ಕೂ ಒಂದೇ ಊರಲ್ಲಿ ಜಾಗ.

ದೇಶಪಾಂಡೆಗಳ ಸಾಲಿನಲ್ಲಿ ಬೆಳಗಾವಿಗೆ ದೊಡ್ಡ ಹೆಸರು ಹುದಲಿಯ ಗಂಗಾಧರರಾವ್ ದೇಶಪಾಂಡೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಹೊಣೆ ಹೊತ್ತವರು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಅಧಿವೇಶನ ಅದು. ಖಾದಿ ಕೆಲಸಕ್ಕೂ ಹುದಲಿ ಹೆಸರಾಯಿತು.

ಉಳಿದಿದ್ದ ಜಮೀನಿನ ಲೆಕ್ಕ ಮುಗಿದದ್ದು ಸ್ವಾತಂತ್ರ್ಯ ಬಂದ ಮೇಲೆ. ನಾವು ಆಗ ಮುಂಬೈ ಪ್ರಾಂತದಲ್ಲಿದ್ದೆವು. 1950ರಲ್ಲಿ ಪರಗಣ ಮತ್ತು ಕುಲಕರ್ಣಿ ವತನಗಳನ್ನು ರದ್ದು ಮಾಡುವ ಕಾಯ್ದೆ ಬಂತು, 1951ರ ಮೇ 1ರಿಂದ ಜಾರಿಯಾಯಿತು. ಜಮೀನು ಸರಕಾರಕ್ಕೆ ಸೇರಿತು. ಗೊತ್ತುಮಾಡಿದ ಹಣ ಕಟ್ಟಿದವರಿಗೆ ಸಾಮಾನ್ಯ ರೈತನ ಹೊಲವಾಗಿ ಮರಳಿ ಸಿಕ್ಕಿತು. ಈ ಕಾಯ್ದೆ ತಂದದ್ದು ಬಿ. ಜಿ. ಖೇರ್ ಸರಕಾರ. ಅದರಲ್ಲಿ ಒಬ್ಬ ಮಂತ್ರಿಯ ಹೆಸರು ಮೊರಾರ್ಜಿ ದೇಸಾಯಿ! ಗುಜರಾತಿನ ಅನಾವಿಲ ದೇಸಾಯಿ, ಶಾಲಾ ಮಾಸ್ತರರ ಮಗ. 1952ರಿಂದ 1956ರವರೆಗೆ ಅವರೇ ಮುಂಬೈ ಮುಖ್ಯಮಂತ್ರಿ. ಅಂದರೆ ನಾವು ಕರ್ನಾಟಕಕ್ಕೆ ಸೇರುವವರೆಗೆ ಬೆಳಗಾವಿ, ವಿಜಯಪುರಕ್ಕೂ ಅವರೇ ಮುಖ್ಯಮಂತ್ರಿ. ಆಮೇಲೆ 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಬಂದು, ಗೇಣಿಗೆ ಕೊಟ್ಟ ಹೊಲಗಳೂ ಉಳುವವರ ಪಾಲಾದವು. ವಾಡೆಗಳಿಗೆ ಸುಣ್ಣ ಬಳಿಯುವುದೂ ಕಷ್ಟವಾದದ್ದು ಅಲ್ಲಿಂದಾಚೆ.

ಹೊರಗಿನ ದೇಸಾಯಿಗಳ ಪಟ್ಟಿ ಉದ್ದ ಇದೆ. ಗಾಂಧೀಜಿಯ ಕಾರ್ಯದರ್ಶಿ ಮಹಾದೇವ ದೇಸಾಯಿ, ಆಜಾದ್ ಹಿಂದ್ ಸೇನೆಯ ಅಧಿಕಾರಿಗಳ ಪರ ವಾದಿಸಿದ ಭೂಲಾಭಾಯಿ ದೇಸಾಯಿ. ಬೆಳಗಾವಿಯಿಂದ ಕೂಗಳತೆ ಅನ್ನಬಹುದಾದ ಕೋವಾಡದ ಮರಾಠಿ ಕಾದಂಬರಿಕಾರ ರಣಜಿತ್ ದೇಸಾಯಿ. 1971ರಲ್ಲಿ ಕಿಂಗ್‌ಸ್ಟನ್‌ನಲ್ಲಿ 212 ರನ್ ಹೊಡೆದ ದಿಲೀಪ್ ಸರದೇಸಾಯಿ ಗೋವಾದವರು. ಹಳಿಯಾಳದಲ್ಲಿ ಹುಟ್ಟಿದ ಶಾಂತಿನಾಥ ದೇಸಾಯಿ ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿ.

ಇವರೆಲ್ಲರಲ್ಲಿ ನನಗೆ ಮೆಚ್ಚು ಅಂಕೋಲೆ ಸೀಮೆಯ ದಿನಕರ ದೇಸಾಯಿ. ಎಲ್ಲರಿಗೂ ಗೊತ್ತಿರುವುದು ಅವರ ಚುಟುಕ. ಅವರ ದೊಡ್ಡ ಕೆಲಸ ಉತ್ತರ ಕನ್ನಡದ ಗೇಣಿದಾರ ರೈತರನ್ನು ಸಂಘಟಿಸಿದ್ದು, ಹಳ್ಳಿ ಹಳ್ಳಿಗೆ ಶಾಲೆ ಕಟ್ಟಿದ್ದು. ವಸೂಲಿ ಮಾಡುವವನ ಹೆಸರು ಹೊತ್ತವರು, ವಸೂಲಿ ಕೊಡುವವರ ಪಕ್ಕ ನಿಂತರು.

ನನ್ನ ಗೆಳೆಯನಿಗೆ ಮರಳುತ್ತೇನೆ. ಅವರ ಮನೆಯಲ್ಲಿ ಈಗ ನಾಲ್ಕು ಎಕರೆ ಇದೆ. ವಾಡೆಯ ಪಾಲಿನಲ್ಲಿ ಬಂದದ್ದು ಎರಡು ಕೋಣೆ ಮತ್ತು ಒಂದು ಹಿತ್ತಾಳೆ ಕೊಳಗ. ಅವನ ಅಣ್ಣನ ಮಗಳು ಕಳೆದ ವರ್ಷ ಆರನೇ ಇಯತ್ತೆಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆ ಸೇರಿದಳು. ನಮ್ಮ ಕಡೆಯ ಇಂದಿನ ಮಕ್ಕಳು ಈ ಹೆಸರನ್ನು ಮೊದಲು ಕೇಳುವುದೇ ಈ ಶಾಲೆಗಳಿಂದ. ಮೊದಲ ದಿನವೇ ಗೆಳತಿಯರು ಕೇಳಿದರಂತೆ, "ಈ ಸಾಲಿ ನಿಮ್ಮದೇನು?" ಅವಳು ಅಲ್ಲ ಅಂದಿದ್ದಾಳೆ. ಆದರೂ ಊರಿಗೆ ಬಂದಾಗ ಅಜ್ಜನನ್ನು ಹಿಡಿದು ಕೂರಿಸಿದಳಂತೆ: "ಅಜ್ಜಾ, ನಾವು ಯಾವೂರ ದೇಸಾಯರು?"