ಕೋಲ್ಡ್ ಸ್ಟೋರೇಜಿನ ಗೋಡೆ ನೀರು ಕುಡಿದಾಗ

ಬ್ಯಾಡಗಿ ಕಡೆಯಿಂದ ಬರುವ ಫೋನುಗಳಲ್ಲಿ ಹೆಚ್ಚಿನವು ಕಂಪ್ರೆಸರ್ ಬಗ್ಗೆಯೇ. "ಮಷಿನ್ ಬಂದ್ ಆಗೂದ ಇಲ್ರಿ, ಗ್ಯಾಸ್ ಕಡಿಮಿ ಆಗೇತೇನ್ ನೋಡ್ರಿ" ಎನ್ನುತ್ತಾರೆ ಒಣಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್‌ಗಳ ಮಾಲೀಕರು. ಗ್ಯಾಸ್ ನೋಡುವ ಮೊದಲು ನಾನು ಕಟ್ಟಡದ ಹೊರಗೋಡೆಗೆ ಕೈಯಿಟ್ಟು ಒಂದು ಸುತ್ತು ಬರುತ್ತೇನೆ. ಯಂತ್ರದ ತಪ್ಪೆಂದು ಹೇಳುವ ಎಷ್ಟೋ ತೊಂದರೆಗಳು ಗೋಡೆಯಲ್ಲಿರುತ್ತವೆ.

ಗೋಡೆಯಲ್ಲಿ ತುಂಬಿರುವುದು ಪಫ್ (ಪಾಲಿಯುರಿಥೇನ್ ಫೋಮ್) ಆಗಲಿ ಥರ್ಮೋಕೋಲ್ ಆಗಲಿ, ಶಾಖವನ್ನು ತಡೆಯುವುದು ಅದರ ಸಣ್ಣ ಗುಳ್ಳೆಗಳಲ್ಲಿ ಸಿಕ್ಕಿಕೊಂಡಿರುವ ಅನಿಲ. ಅಲ್ಲಿಗೆ ನೀರು ಸೇರಿತೋ, ತಡೆ ಹೋಯಿತು. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಹೆಚ್ಚು ಶಾಖ ದಾಟಿಸುತ್ತದೆ. ಅದೇ ನೀರು ಮಂಜುಗಡ್ಡೆಯಾದರೆ ಅದರ ಮೇಲೆ ಮತ್ತೆ ಮೂರು ನಾಲ್ಕು ಪಟ್ಟು. ಈ ನೀರು ತಗಡು ಸೋರಿಯೇ ಬರಬೇಕೆಂದಿಲ್ಲ. ಹೊರಗಿನ ಬೆಚ್ಚಗಿನ ಗಾಳಿಯಲ್ಲಿರುವ ನೀರಾವಿ ತಣ್ಣಗಿನ ಕಡೆಗೆ ಹಗಲೂ ರಾತ್ರಿ ನುಗ್ಗುತ್ತಲೇ ಇರುತ್ತದೆ. ಎರಡು ತಗಡಿನ ನಡುವೆ ಫೋಮ್ ತುಂಬಿದ ಪ್ಯಾನೆಲ್‌ಗಳ ಜೋಡಣೆಯಲ್ಲಿ ಕೂದಲೆಳೆಯಷ್ಟು ಸಂದು ಸಿಕ್ಕರೂ ಒಳಹೊಕ್ಕು, ಫೋಮಿನ ನಡುವೆ ತಣಿದು ನೀರಾಗುತ್ತದೆ.

ಇದನ್ನು ಪತ್ತೆ ಹಚ್ಚಲು ಮಳೆಗಾಲವೇ ಒಳ್ಳೆಯ ಕಾಲ. ಹೊರಗೆ 24 ಡಿಗ್ರಿ, ತೇವಾಂಶ ಶೇ 90, ಒಳಗೆ 5 ಡಿಗ್ರಿ ಇದೆ ಎಂದುಕೊಳ್ಳಿ. ಗಟ್ಟಿಮುಟ್ಟಾದ 100 ಮಿ.ಮೀ. ಪಫ್ ಗೋಡೆಯ ಹೊರಮೈ ಗಾಳಿಗಿಂತ ಅರ್ಧ ಡಿಗ್ರಿಯಷ್ಟು ಮಾತ್ರ ತಣ್ಣಗಿರುತ್ತದೆ. ಕೈಗೆ ಗೊತ್ತೇ ಆಗುವುದಿಲ್ಲ. ಆದರೆ ಒಳಗಿನ ಫೋಮ್ ಒದ್ದೆಯಾದ ಜಾಗದಲ್ಲಿ ಹೊರಮೈ 22 ಡಿಗ್ರಿಗೆ ಇಳಿದರೂ ಸಾಕು, ಹನಿಗಟ್ಟುತ್ತದೆ. ಜೋಡಣೆಯ ಉದ್ದಕ್ಕೂ ಬೆವರಿನ ಗೆರೆ, ಅದರ ಮೇಲೆ ಕಪ್ಪು ಬೂಷ್ಟು, ಸ್ಕ್ರೂಗಳ ಕೆಳಗೆ ಇಳಿದ ತುಕ್ಕಿನ ಕಲೆ: ಇವು ಕಂಡ ಕಡೆ ನಾನು ಸೀಮೆಸುಣ್ಣದಿಂದ ಗುರುತು ಹಾಕುತ್ತೇನೆ. ಜಡಿಮಳೆಯ ದಿನ ಗೋಡೆ ಪೂರ್ತಿ ಒಂದೇ ಸಮ ಒದ್ದೆಯಾಗಿದ್ದರೆ ಚಿಂತೆ ಬೇಡ. ಒಂದು ಕಡೆ ಒಣಗಿದ್ದು ಪಕ್ಕದಲ್ಲೇ ಒದ್ದೆಯಿದ್ದರೆ ಮಾತ್ರ ಅನುಮಾನಪಡಬೇಕು. ಮೇಲ್ಮೈಯ ತಾಪ ತೋರಿಸುವ ಥರ್ಮಲ್ ಕ್ಯಾಮೆರಾ ಇದ್ದರೆ ಒಳ್ಳೆಯದೇ. ಆದರೆ ಮಿರುಗುವ ತಗಡು ಕ್ಯಾಮೆರಾಕ್ಕೆ ಸುಳ್ಳು ಹೇಳುತ್ತದೆ, ಅಳೆಯುವ ಜಾಗಕ್ಕೆ ಮೊದಲು ಹೊಳಪಿಲ್ಲದ ಟೇಪ್ ಅಂಟಿಸಿ.

ಹಾಗಾದರೆ ಯಂತ್ರದ್ದೋ ಗೋಡೆಯದ್ದೋ? ರಾತ್ರಿ ಬಾಗಿಲು ಹಾಕಿದ ಮೇಲೆ ಕಂಪ್ರೆಸರ್ ಎಷ್ಟು ಹೊತ್ತು ಓಡಿತು, ನಿಂತ ಮೇಲೆ ತಾಪಮಾನ ಗಂಟೆಗೆ ಎಷ್ಟು ಏರಿತು ಎಂದು ಬರೆದಿಡಿ. ಓಡುವಾಗಲೂ ತಾಪ ಇಳಿಯುತ್ತಿಲ್ಲವೆಂದರೆ ಮೊದಲು ಯಂತ್ರ ನೋಡಿ. ಬೇಗ ಇಳಿದು, ನಿಂತೊಡನೆ ಬೇಗ ಏರುತ್ತಿದ್ದರೆ ಗೋಡೆ, ಚಾವಣಿ ಅಥವಾ ಬಾಗಿಲು. ಬಾಗಿಲಿನದು ಸುಲಭ: ಬಾಗಿಲಂಚಿನ ರಬ್ಬರ್ ಪಟ್ಟಿಯ (ಗ್ಯಾಸ್ಕೆಟ್) ನಡುವೆ ಕಾಗದವಿಟ್ಟು ಮುಚ್ಚಿ ಎಳೆಯಿರಿ, ಸರಾಗವಾಗಿ ಬಂದರೆ ಗ್ಯಾಸ್ಕೆಟ್ ಬದಲಿಸಿ. ಫೆಬ್ರವರಿ–ಏಪ್ರಿಲ್‌ನ ಲೆಕ್ಕ ನಂಬಬೇಡಿ. ಬಿಸಿಲಲ್ಲಿ ಒಣಗಿದ ಕಾಯಿಯ ಚೀಲಗಳು ಆಗ ಬರುತ್ತಿರುತ್ತವೆ, ಅವನ್ನು ತಣಿಸುವ ಹೊರೆಯೇ ದೊಡ್ಡದು. ಜುಲೈ ನಂತರದ ರಾತ್ರಿಗಳನ್ನು ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ.

ಅನುಮಾನ ಗಟ್ಟಿಯಾದರೆ ಒಂದು ತುಂಡು ಕತ್ತರಿಸಿ ತೂಗಿಬಿಡುವುದು ಮೇಲು. ಪಫ್ ಸಾಂದ್ರತೆ ಘನಮೀಟರಿಗೆ ಸುಮಾರು 40 ಕೆ.ಜಿ., ಅಂದರೆ ಉದ್ದ, ಅಗಲ, ಎತ್ತರ ಮೂರೂ ಹತ್ತು ಸೆಂ.ಮೀ. ಇರುವ ತುಂಡು 40 ಗ್ರಾಂ ಆಸುಪಾಸು. ಅದರಲ್ಲಿ ಶೇ 5ರಷ್ಟು ಜಾಗವನ್ನು ನೀರು ತುಂಬಿದ್ದರೂ ತಕ್ಕಡಿ 90 ಗ್ರಾಂ ತೋರಿಸುತ್ತದೆ. ಹಳೆಯ ಕಟ್ಟಡಗಳಲ್ಲಿ ಇಟ್ಟಿಗೆ ಗೋಡೆಗೆ ಡಾಂಬರು ಬಳಿದು ಥರ್ಮೋಕೋಲ್ ಅಂಟಿಸಿರುತ್ತಾರೆ. ಅಲ್ಲಿ ತೇವದ ಜೊತೆಗೆ ಇಲಿ, ಇರುವೆಗಳ ಬಿಲವೂ ಸಿಗುತ್ತದೆ. ಮೈನಸ್ 18 ಡಿಗ್ರಿಯ ಮೀನಿನ ಸ್ಟೋರುಗಳಲ್ಲಿ ನೆಲವನ್ನೂ ನೋಡಬೇಕು. ಕೆಳಗಿನ ಮಣ್ಣಿನ ನೀರು ಹೆಪ್ಪುಗಟ್ಟಿ ನೆಲವನ್ನೇ ಎತ್ತುತ್ತದೆ, ಬಾಗಿಲು ಸಿಕ್ಕಿಹಾಕಿಕೊಳ್ಳುತ್ತದೆ.

ಕರೆಂಟ್ ಬಿಲ್ಲಿಗಿಂತ ನನಗೆ ಹೆಚ್ಚು ಕಳವಳ ಚಾವಣಿಯಿಂದ ತೊಟ್ಟಿಕ್ಕುವ ನೀರಿನದು. ಚೀಲದ ಮೇಲೆ ಬಿದ್ದರೆ ಕಾಯಿಗೆ ಬೂಷ್ಟು ಹಿಡಿಯುತ್ತದೆ, ಆಫ್ಲಾಟಾಕ್ಸಿನ್ ವಿಷಕ್ಕೂ ದಾರಿಯಾಗುತ್ತದೆ. ಒಳ್ಳೆಯ ಬೆಲೆ ಬರಲೆಂದು ತಿಂಗಳುಗಟ್ಟಲೆ ಬಾಡಿಗೆ ಕಟ್ಟಿ ಕಾದ ರೈತನ ಮಾಲು ಅದು.

ರಿಪೇರಿಯಲ್ಲಿ ಮತ್ತೆ ಮತ್ತೆ ಕಾಣುವ ತಪ್ಪೆಂದರೆ ಒಳಗಡೆಯಿಂದ ಸಿಲಿಕೋನ್ ತುಂಬುವುದು. ಆವಿ ಬರುವುದು ಹೊರಗಿನಿಂದ. ಒಳಬದಿ ಮುಚ್ಚಿದರೆ ಬಂದ ನೀರು ಗೋಡೆಯಲ್ಲೇ ಉಳಿಯುತ್ತದೆ. ಆವಿತಡೆ, ಅಂದರೆ ನೀರಾವಿ ದಾಟದಂತೆ ಹಾಕುವ ಪದರ, ಹೊರಬದಿಯಲ್ಲೇ ಇರಬೇಕು, ಪೈಪು ಮತ್ತು ಕೇಬಲ್ ಹಾಯುವ ತೂತುಗಳ ಸುತ್ತಲೂ ಕೂಡ. ನೀರು ಕುಡಿದ ಪ್ಯಾನೆಲ್ ತಾನಾಗಿ ಒಣಗೀತೆಂದು ಕಾಯಬೇಡಿ, ಅದನ್ನು ತೆಗೆದೇ ಹಾಕಬೇಕು. ಹೊಸ ಕಾಯಿ ಬರುವ ಮೊದಲು, ಸ್ಟೋರು ಖಾಲಿಯಿರುವ ನವೆಂಬರ್–ಡಿಸೆಂಬರ್‌ನಲ್ಲಿ ಈ ಕೆಲಸ ಮುಗಿಸಿಕೊಳ್ಳಿ. ಫೋಮ್ ತೆರೆದಿರುವಾಗ ಅದರ ಹತ್ತಿರ ವೆಲ್ಡಿಂಗ್ ಮಾಡಲು ಯಾರನ್ನೂ ಬಿಡಬೇಡಿ; ಕಿಡಿ ತಾಗಿದರೆ ಬೆಂಕಿ ಗೋಡೆಯೊಳಗೇ ಹಬ್ಬುತ್ತದೆ.