89 ವೋಟು, 7-6-2 ಸೀಟು: ಇದ್ರ ಹಿಂದಿನ ಲೆಕ್ಕ ಎಂತ?

2016ರ ಕೇರಳ ವಿಧಾನಸಭೆ ಚುನಾವಣೆಯಲ್ಲಿ ಮಂಜೇಶ್ವರದಲ್ಲಿ ಗೆದ್ದದ್ದು ಬರೀ 89 ವೋಟಿಗೆ, ನೆನಪುಂಟಲ್ಲ? ಮೂರನೇ ಸ್ಥಾನಕ್ಕೆ ಬಿದ್ದ 42 ಸಾವಿರಕ್ಕೂ ಹೆಚ್ಚು ವೋಟಿನ ಬಗ್ಗೆ ಮಾತ್ರ ಯಾರೂ ಮಾತಾಡುದಿಲ್ಲ. ಅಷ್ಟು ಜನಕ್ಕೆ ಮೊದಲಿನ ಇಬ್ರಲ್ಲಿ ಯಾರು ಆಗ್ಬೋದಿತ್ತು ಅಂತ ನಮ್ಮ ವೋಟಿಂಗ್ ಮೆಷಿನ್ ಕೇಳುದೇ ಇಲ್ಲ.

ಇದು ಹಳೇ ಪ್ರಶ್ನೆ. ಒಂದೇ ಹೆಸ್ರು ಬೇಡ, ಎಲ್ರಿಗೂ ರ‍್ಯಾಂಕ್ ಕೊಡಿ, ಅದಕ್ಕೆ ಮಾರ್ಕ್ ಹಾಕಿ ಕೂಡ್ಸಿ ಅಂತ ಹೇಳಿದ್ದು ಫ್ರಾನ್ಸಿನ ಗಣಿತಜ್ಞ ಬೋರ್ಡಾ. ಅದೇ ದೇಶದ ಕಾಂಡೋರ್ಸೆ 1785ರಲ್ಲಿ, ಇಬ್ಬಿಬ್ರನ್ನೇ ಎದುರುಬದುರು ನಿಲ್ಲಿಸಿ ನೋಡಿ ಅಂದ್ರು, ಆದ್ರೆ ಒಂದನ್ನು ಎರಡು ಸೋಲಿಸಿ, ಎರಡನ್ನು ಮೂರು ಸೋಲಿಸಿ, ಮೂರನ್ನು ವಾಪಾಸ್ ಒಂದು ಸೋಲಿಸಿ ಬಹುಮತವೇ ಸುತ್ತು ಹೊಡೀಬಹುದು ಅಂತ ಅವ್ರಿಗೇ ಗೊತ್ತಾಯ್ತು. 1951ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ಇದನ್ನ ಗಣಿತದಲ್ಲೇ ಗಟ್ಟಿ ಮಾಡಿದ್ರು: ಮೂರು ಆಯ್ಕೆ ಇದ್ರೆ ಸಾಕು, ರ‍್ಯಾಂಕ್ ಸೇರಿಸುವ ಯಾವ ಪದ್ಧತಿಯೂ ನ್ಯಾಯದ ಕೆಲವು ಸಣ್ಣ ಷರತ್ತುಗಳನ್ನ ಒಟ್ಟಿಗೆ ಪಾಲಿಸುದಿಲ್ಲ.

ವೋಟು ಮುಗಿದ ಮೇಲೆ ಕೂಟ ಕಟ್ಟುವ ಗಲಾಟೆ. 15 ವಾರ್ಡಿನ ಒಂದು ಪಂಚಾಯತ್ ಅಂತ ಇಟ್ಕೊಳ್ಳಿ, ಪಕ್ಷಗಳಿಗೆ 7, 6, 2 ಸೀಟು, ಬಹುಮತಕ್ಕೆ 8 ಬೇಕು. ಯಾವ ಇಬ್ರು ಸೇರಿದ್ರೂ ಆಡಳಿತ ಬರ್ತದೆ, ಒಬ್ರಿಂದಲೇ ಆಗುದಿಲ್ಲ. ಹಾಗಾಗಿ ಯಾರು ಸೇರಿದಾಗ ಬಹುಮತ ಬರ್ತದೆ ಅಂತ ಎಣಿಸಿ ಬಲ ಅಳೆಯುವ 1954ರ ಶಾಪ್ಲಿ-ಶೂಬಿಕ್ ಸೂತ್ರ ಹಾಕಿದ್ರೆ ಮೂವರ ಬಲವೂ ಸಮ, ತಲಾ ಮೂರನೇ ಒಂದು! ಕೇರಳದಲ್ಲಿರುವ ನಮ್ಮಂಥ ಕನ್ನಡ ಭಾಷಾ ಅಲ್ಪಸಂಖ್ಯಾತರು ಇದನ್ನ ಮೊದ್ಲು ಕಲೀಬೇಕು ಅಂತ ನಂಗೆ ಅನ್ಸುದು, ಆ ಎರಡು ಸೀಟಿನವ್ರು ಕನ್ನಡದಲ್ಲಿ ಅರ್ಜಿ ಫಾರ್ಮ್ ಬೇಕು ಅಂತ ಹಟ ಹಿಡಿದ್ರೆ ದೊಡ್ಡವ್ರು ಕೇಳ್ಳೇಬೇಕಾಗ್ತದೆ.

ಇಲ್ಲಿಗೆ ಕಂಪ್ಯೂಟರಿನವ್ರು ಬಂದದ್ದು ತಡವಾಗಿ. ನೋಡ್ಲಿಕ್ಕೆ ನ್ಯಾಯವಾಗಿಯೇ ಇರುವ ಒಂದು ವೋಟಿನ ನಿಯಮದಲ್ಲಿ ಗೆದ್ದದ್ದು ಯಾರು ಅಂತ ಹೇಳುದೇ ಕಂಪ್ಯೂಟರಿಗೆ ಭಾರೀ ಕಷ್ಟ ಅಂತ 1989ರಲ್ಲಿ ಬಾರ್ತೋಲ್ಡಿ, ಟೋವಿ, ಟ್ರಿಕ್ ಮೂವರು ತೋರಿಸಿದ್ರು. ಕೂಟದ್ದೂ ಕಷ್ಟವೇ. 10 ಜನರನ್ನ ಗುಂಪುಗಳಾಗಿ ಒಡೀಲಿಕ್ಕೆ 1,15,975 ದಾರಿ, 15 ಜನ ಆದ್ರೆ 138 ಕೋಟಿ ದಾಟ್ತದೆ. ಒಟ್ಟು ಲಾಭ ಹೆಚ್ಚು ಯಾವುದ್ರಲ್ಲಿ ಅಂತ ಎಲ್ಲವನ್ನೂ ನೋಡಿ ಮುಗಿಸುದು ಹೇಗೆ? 1999ರಲ್ಲಿ ಕಂಪ್ಯೂಟರ್ ವಿಜ್ಞಾನಿ ಟುಯೊಮಾಸ್ ಸ್ಯಾಂಡ್‌ಹೋಮ್ ಮತ್ತು ಜೊತೆಯವ್ರು ಒಂದು ದಾರಿ ಹೇಳಿದ್ರು: 10 ಜನ ಇದ್ದಲ್ಲಿ ಎಲ್ರೂ ಒಂದೇ ಗುಂಪಾದದ್ದು ಮತ್ತೆ ಎರಡು ಗುಂಪಾದದ್ದು, ಹೀಗೆ ಬರೀ 512 ನೋಡಿದ್ರೆ ಸಾಕು, ಸಿಕ್ಕಿದ್ದು ಅತ್ಯುತ್ತಮದ ಹತ್ತನೇ ಒಂದು ಪಾಲಿಗಿಂತ ಕಡಿಮೆ ಆಗುದಿಲ್ಲ ಅಂತ ಗ್ಯಾರಂಟಿ. ಇನ್ನೂ ಟೈಮಿದ್ರೆ ಮುಂದೆ ಹುಡುಕ್ತಾ ಹೋಗ್ಬಹುದು.

ಆದ್ರೆ ಈ ಲೆಕ್ಕಕ್ಕೆ ಪ್ರತಿ ಗುಂಪಿಗೂ ಒಂದು ಬೆಲೆ, ಅಂದ್ರೆ ಅದ್ರಿಂದ ಎಷ್ಟು ಲಾಭ ಅಂತ, ಗೊತ್ತಿರ್ಬೇಕು. ನಮ್ಮಲ್ಲಿ ಮೆಂಬರ್ ಕೇಳುದು ಬೆಲೆಯನ್ನಲ್ಲ, ಪಕ್ಕದಲ್ಲಿ ಕೂರುದು ಯಾರು ಅಂತ. ಅರ್ಥಶಾಸ್ತ್ರಜ್ಞರಾದ ಡ್ರೇಝ್ ಮತ್ತು ಗ್ರೀನ್‌ಬರ್ಗ್ 1980ರಲ್ಲೇ ಅದನ್ನೂ ಲೆಕ್ಕಕ್ಕೆ ತಂದಿದ್ರು, ಯಾರ ಜೊತೆ ಇದ್ದೇನೆ ಅನ್ನುದರ ಮೇಲೆಯೇ ಇಷ್ಟಾನಿಷ್ಟ ನಿಂತಿರುವ ಆಟ ಅದು, ಅಲ್ಲಿ ಯಾರೂ ಬಿಟ್ಟು ಓಡದ ಹಾಗೆ ಎಲ್ರನ್ನೂ ಗುಂಪು ಮಾಡುವ ದಾರಿ ಒಂದಾದ್ರೂ ಸಿಕ್ಕೇ ಸಿಗ್ತದೆ ಅಂತ ಇಲ್ಲ.